ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ ಕಡೆ ಕ್ಯಾಂಡಿಡ್ ಫೋಟೊ: ಫೋಕಸ್, ಬೆಳಕು, ಕಾನೂನು

ಬೆಳಕಿಂಡಿ

ಬೆಂಗಳೂರಿನ ಕೆ.ಆರ್. ಮಾರ್ಕೆಟ್, ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆ ಓಡಾಡುವ ಜನರ ಸಹಜ ಫೋಟೊ ತೆಗೆಯೋದರ ಬಗ್ಗೆ ಈ ಫೋರಮ್ಮಿನಲ್ಲಿ ಬಿಡಿಬಿಡಿಯಾಗಿ ಬೇಕಾದಷ್ಟು ಮಾತಾಗಿದೆ, ಆದರೆ ಒಂದೇ ಕಡೆ ಸಿಗಲ್ಲ. ಅದಕ್ಕೇ ಈ ಎಳೆ. ಕೈಯಲ್ಲಿರೋದು ಎಪಿಎಸ್‌-ಸಿ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕದು) ಕ್ಯಾಮೆರಾ, ಅದರ ಜೊತೆ ಬರೋ 18–55 ಮಿ.ಮೀ. ಕಿಟ್ ಲೆನ್ಸ್, 55–200 ಮಿ.ಮೀ. ಜೂಮ್ ಅಂತ ಇಟ್ಟುಕೊಳ್ಳಿ. ಹೆಚ್ಚಿನವರ ಹತ್ತಿರ ಇರೋದೂ ಇಷ್ಟೇ.

ಜೂಮ್ ಹಾಕಿ ದೂರದಿಂದ ತೆಗೆದರೆ ನಡುವೆ ಯಾರಾದರೂ ಅಡ್ಡ ಬರ್ತಾರೆ, ಮುಖ ಸಿಕ್ಕರೂ ಬೀದಿ ಸಿಗಲ್ಲ. ಹತ್ತಿರ ಹೋದರೆ ಆಟೊಫೋಕಸ್ ಹುಡುಕಾಡೋಷ್ಟರಲ್ಲಿ ಕ್ಷಣ ಮುಗಿದಿರುತ್ತೆ. ಇನ್ನು ಟಾರ್ಪಾಲಿನ ಕೆಳಗೆ ಕೂತವರ ಮುಖವೆಲ್ಲ ನೀಲಿ. ಈ ಮೂರಕ್ಕೂ ಅಂಕಿ-ಅಂಶದ ಸಮೇತ ಉತ್ತರ ಬೇಕು. 'ಅಭ್ಯಾಸ ಮಾಡಿ, ಬರುತ್ತೆ' ಅನ್ನೋದು ಬೇಡ.

ಪೇಟೆ ಪಾದಚಾರಿ

55–200 ಮನೇಲಿ ಬಿಡಿ. ಪೇಟೆಯ ಗಲ್ಲಿಗಳಲ್ಲಿ ನಿಮಗೂ ಎದುರಿಗಿರುವವರಿಗೂ ಎರಡು ಮೂರು ಮೀಟರ್ ಅಂತರ ಸಿಕ್ಕರೆ ಹೆಚ್ಚು. ಅಲ್ಲಿ ಕೆಲಸಕ್ಕೆ ಬರೋದು ಅಗಲದ ಲೆನ್ಸ್. ಕಿಟ್ ಲೆನ್ಸನ್ನು 23 ಮಿ.ಮೀ.ಗೆ ತಿರುಗಿಸಿ, ಜೂಮ್ ರಿಂಗ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಫುಲ್ ಫ್ರೇಮ್ ಕ್ಯಾಮೆರಾದ 35 ಮಿ.ಮೀ. ಲೆನ್ಸಿನಷ್ಟು ನೋಟ ಸಿಗುತ್ತೆ.

ಆಟೊಫೋಕಸ್ ನಿಧಾನ ಅನ್ನೋ ತೊಂದರೆಗೆ ಪರಿಹಾರ ಝೋನ್ ಫೋಕಸ್, ಅಂದರೆ ಫೋಕಸನ್ನ ಮೊದಲೇ ಒಂದು ದೂರಕ್ಕೆ ಇಟ್ಟುಬಿಡೋದು. 23 ಮಿ.ಮೀ., ಎಫ್/8 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಫೋಕಸ್ 2.5 ಮೀಟರಿಗೆ ಇಟ್ಟರೆ ಸುಮಾರು 1.4 ಮೀಟರಿಂದ 10 ಮೀಟರ್ ತನಕ ಎಲ್ಲವೂ ಶಾರ್ಪ್. ಆಮೇಲೆ ಫೋಕಸ್ ಮುಟ್ಟೋ ಅಗತ್ಯವೇ ಇಲ್ಲ, ಬಟನ್ ಒತ್ತಿದ ಕ್ಷಣಕ್ಕೆ ಚಿತ್ರ. ಅದೇ ಲೆನ್ಸ್ ಎಫ್/4ರಲ್ಲಿ, ಫೋಕಸ್ 2 ಮೀಟರಿಗೆ ಇಟ್ಟರೆ ಶಾರ್ಪ್ ಇರೋದು 1.5ರಿಂದ 2.9 ಮೀಟರ್ ಒಳಗೆ ಮಾತ್ರ. ಈ ವ್ಯತ್ಯಾಸ ಬಾಯಿಪಾಠ ಆಗಿರಬೇಕು.

ಈಗಿನ ಕಿಟ್ ಲೆನ್ಸುಗಳ ಮೇಲೆ ದೂರದ ಅಂಕಿ ಇರಲ್ಲ. ಆ 2.5 ಮೀಟರ್ ಅಳೆಯೋಕೆ ನಿಂತಿರೋ ಒಂದು ಆಟೊರಿಕ್ಷಾ ಹುಡುಕಿ. ಆಟೊದ ಉದ್ದ ಸುಮಾರು 2.6 ಮೀಟರ್. ಹಿಂದಿನ ಬಂಪರ್ ಪಕ್ಕ ನಿಂತು, ಮುಂದಿನ ಚಕ್ರದ ಸಾಲಿನಲ್ಲಿರೋ ಯಾವುದಾದರೂ ಗೋಡೆ ಅಥವಾ ಕಂಬಕ್ಕೆ ಆಟೊಫೋಕಸ್ ಮಾಡಿ, ಹಾಗೇ ಮ್ಯಾನುವಲ್‌ಗೆ ಬದಲಿಸಿ. ಮುಗೀತು. ಇನ್ನೊಂದು ವಿಷಯ ತುಂಬ ಜನರನ್ನ ಕಾಡುತ್ತೆ: ಮೋಟಾರಿನಿಂದ ಫೋಕಸ್ ಆಗುವ ಲೆನ್ಸುಗಳಲ್ಲಿ ಕ್ಯಾಮೆರಾ ನಿದ್ದೆಗೆ ಹೋಗಿ ಎದ್ದರೆ ನೀವಿಟ್ಟ ದೂರ ಅಳಿಸಿಹೋಗಬಹುದು. ಮೆನುವಿನಲ್ಲಿ ಪವರ್ ಸೇವ್ ಸಮಯವನ್ನ 5 ನಿಮಿಷಕ್ಕೆ ಏರಿಸಿ, ಜೊತೆಗೆ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ.

ದುಡ್ಡು ಹಾಕೋ ಮನಸ್ಸಿದ್ದರೆ ರಿಕೋ ಜಿಆರ್ 3 ಅನ್ನೋ ಚಿಕ್ಕ ಕ್ಯಾಮೆರಾ ಈ ಕೆಲಸಕ್ಕೆಂದೇ ಮಾಡಿದ ಹಾಗಿದೆ. 18.3 ಮಿ.ಮೀ. ಲೆನ್ಸ್, ಎಫ್/8, ಸ್ನ್ಯಾಪ್ ಫೋಕಸ್ (ಮೊದಲೇ ಗೊತ್ತುಮಾಡಿದ ದೂರಕ್ಕೆ ಹೋಗೋ ಫೋಕಸ್) 2 ಮೀಟರ್ ಇಟ್ಟರೆ 1 ಮೀಟರಿಂದ ಆಚೆಗೆ ಗಲ್ಲಿಯ ಕೊನೆವರೆಗೂ ಶಾರ್ಪ್. ಆದರೆ ಇದಿಲ್ಲದೆ ಆಗಲ್ಲ ಅಂತೇನೂ ಇಲ್ಲ.

ಕಪ್ಪುಬಿಳುಪು

ಮೇಲಿನವರು ಹೇಳಿದ್ದು ಸರಿ, ಆದರೆ 'ಶಾರ್ಪ್ ಬರ್ತಿಲ್ಲ' ಅನ್ನೋ ಚಿತ್ರಗಳಲ್ಲಿ ಹೆಚ್ಚಿನವುಗಳ ತಪ್ಪು ಫೋಕಸ್‌ದಲ್ಲ, ಶಟರ್ ಸ್ಪೀಡ್‌ದು. ಲೆಕ್ಕ ನೋಡಿ. ಸಾಮಾನ್ಯವಾಗಿ ನಡೆಯೋ ಮನುಷ್ಯ ಸೆಕೆಂಡಿಗೆ 1.3 ಮೀಟರ್ ಮುಂದೆ ಹೋಗ್ತಾನೆ. ಶಟರ್ ಸ್ಪೀಡ್ 1/250 ಸೆಕೆಂಡ್ ಇದ್ದರೆ ಅಷ್ಟು ಹೊತ್ತಿಗೆ 5 ಮಿ.ಮೀ. ಸರಿದಿರ್ತಾನೆ. 2.5 ಮೀಟರ್ ದೂರದಲ್ಲಿ ಅಡ್ಡಡ್ಡ ಹೋಗ್ತಿದ್ದರೆ ಅದು ಕಣ್ಣಿನ ರೆಪ್ಪೆ ಕಲಸಿಹೋಗೋಕೆ ಸಾಕು. 1/500 ಕನಿಷ್ಠ, 1/1000 ನೆಮ್ಮದಿ. ತಲೆ ಮೇಲೆ ಮೂಟೆ ಹೊತ್ತ ಹಮಾಲಿಗಳು ನಡೆಯೋದೇ ಇಲ್ಲ, ಅರ್ಧ ಓಟ. ಅವರಿಗೆ 1/1000ಕ್ಕಿಂತ ಕಡಿಮೆ ಬೇಡ. ನಿಮ್ಮ ಕಡೆಗೇ ನೇರವಾಗಿ ಬರೋರಿಗೆ 1/250 ನಡೆಯುತ್ತೆ.

ಮೋಡ್ ಮ್ಯಾನುವಲ್, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಮಾತ್ರ ಆಟೊ. ಗರಿಷ್ಠ 6400. ಚಿತ್ರದಲ್ಲಿ ಸ್ವಲ್ಪ ಕಾಳು (ನಾಯ್ಸ್) ಬಂದರೆ ಏನೂ ಹೋಗಲ್ಲ, ಅಲುಗಿದ ಮುಖವನ್ನ ಮಾತ್ರ ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ.

ಎಫ್/8 ಎಲ್ಲ ಕಡೆಗೂ ಆಗಲ್ಲ ಅನ್ನೋದನ್ನೂ ಹೇಳಬೇಕು. ಬಿಸಿಲಲ್ಲಿ ಐಎಸ್‌ಒ 400, ಎಫ್/8, 1/1600 ಸರಿಹೋಗುತ್ತೆ. ಬೀದಿಯ ನೆರಳಿನ ಭಾಗಕ್ಕೆ ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕಡಿಮೆ, ಅಂದರೆ ಅದೇ ಎಫ್/8, 1/800ಕ್ಕೆ ಐಎಸ್‌ಒ 1600. ಬೆಳಕು ಹರಿಯೋ ಮೊದಲು ಹೂವಿನ ಮಂಡಿಯೊಳಗೆ ಬಲ್ಬಿನ ಬೆಳಕಲ್ಲಿ ಐಎಸ್‌ಒ 3200, ಎಫ್/4, 1/250ರ ಆಸುಪಾಸು. ಅಲ್ಲಿ ಎಫ್/8 ಹಠ ಹಿಡಿದರೆ ಐಎಸ್‌ಒ 12800 ಆಗುತ್ತೆ. ಮಂಡಿಯಲ್ಲಿ ಎಫ್/4ಕ್ಕೆ ಇಳಿಯಿರಿ, 2 ಮೀಟರಿನ ಶಿಸ್ತು ಇಟ್ಟುಕೊಳ್ಳಿ, ಓಡೋರನ್ನ ಬಿಟ್ಟು ಕೂತು ಹೂ ಕಟ್ಟೋರನ್ನ ನೋಡಿ.

ಮೊಬೈಲ್ ಮಂದಿ

ಬರೀ ಫೋನಲ್ಲಿ ತೆಗೆಯೋರು ಏನು ಮಾಡಬೇಕು? ಹಗಲಲ್ಲಿ ಚೆನ್ನಾಗಿ ಬರುತ್ತೆ, ದರ್ಶಿನಿ ಒಳಗೆ ಹೋದರೆ ಕೈ, ಲೋಟ, ಮುಖ ಎಲ್ಲ ಅಲುಗಿರುತ್ತೆ.

ಕಪ್ಪುಬಿಳುಪು

ಫೋನಿನ ಸೆನ್ಸರ್ ಚಿಕ್ಕದು, ಹಾಗಾಗಿ ಫೋಕಸ್ ಚಿಂತೆ ಇಲ್ಲ. ಫೋನ್ ಮೋಸ ಮಾಡೋದು ಸ್ಪೀಡಿನಲ್ಲಿ. ಒಳಾಂಗಣಕ್ಕೆ ಹೋದ ಕೂಡಲೇ ತಾನಾಗಿ 1/30ಕ್ಕೆ ಇಳಿಯುತ್ತೆ, ನೈಟ್ ಮೋಡ್ ಶುರುವಾದರೆ ಹಲವು ಫ್ರೇಮ್ ಸೇರಿಸಿ ಹೊಲಿಯುತ್ತೆ, ಅಲ್ಲಾಡಿದ ಕೈ ಎರಡೆರಡಾಗಿ ಕಾಣುತ್ತೆ. ನೈಟ್ ಮೋಡ್, ಪೋರ್ಟ್ರೇಟ್ ಮೋಡ್ ಎರಡನ್ನೂ ಆಫ್ ಮಾಡಿ. ಪ್ರೊ ಮೋಡ್ ಇದ್ದರೆ ಹಗಲಿಗೆ 1/500, ದರ್ಶಿನಿ ಒಳಗೆ 1/125. ಮೇನ್ ಲೆನ್ಸ್ ಬಿಟ್ಟು ಅಲ್ಟ್ರಾವೈಡ್‌ಗೆ ಹೋಗಬೇಡಿ, ಅಂಚಿನಲ್ಲಿರೋರ ತಲೆ ಎಳೆದ ಹಾಗಾಗುತ್ತೆ. ವಾಲ್ಯೂಮ್ ಬಟನ್ನನ್ನ ಶಟರ್ ಮಾಡಿಕೊಳ್ಳಿ, ಪರದೆ ಮೇಲೆ ಬೆರಳು ಹುಡುಕೋದು ತಪ್ಪುತ್ತೆ.

ದರ್ಶಿನಿಯಲ್ಲಿ ಕೌಂಟರ್ ಎದುರು ನಿಲ್ಲಬೇಡಿ. ಬೀದಿಗೆ ತೆರೆದಿರೋ ಬದಿಯಲ್ಲಿ, ನಿಂತು ತಿನ್ನೋ ಮೇಜುಗಳ ಹತ್ತಿರ ನಿಲ್ಲಿ. ಹೊರಗಿನ ಬೆಳಕು ಪಕ್ಕದಿಂದ ಬಿದ್ದು ಕಾಫಿ ಲೋಟದ ಹಬೆ ಹೊಳೆಯುತ್ತೆ, ಹಿಂದೆ ಕಪ್ಪಾದ ಗೋಡೆ ಇದ್ದರಂತೂ ಹಬೆ ಗೆರೆಗೆರೆಯಾಗಿ ಕಾಣುತ್ತೆ. ನಿಮ್ಮ ಬೆನ್ನ ಹಿಂದಿನಿಂದ ಬೆಳಕು ಬಿದ್ದರೆ ಹಬೆ ಮಾಯ. ಮತ್ತೆ, ಲೆನ್ಸ್ ಒರೆಸಿ. ಜೇಬಿನಿಂದ ಬಂದ ಫೋನಿನ ಲೆನ್ಸ್ ಮೇಲೆ ಎಣ್ಣೆಯ ಪದರ ಇದ್ದೇ ಇರುತ್ತೆ, ದೀಪಗಳೆಲ್ಲ ಗೆರೆ ಎಳೆದ ಹಾಗೆ ಬರೋದು ಅದರಿಂದಲೇ.

ದೊಡ್ಡಪೇಟೆ ಚೌಕ

ಸೆಟ್ಟಿಂಗ್ ಮಾತು ಸಾಕಷ್ಟಾಯ್ತು. ಬೀದಿಯ ದಿಕ್ಕು ಗೊತ್ತಿಲ್ಲದೆ ಹೋದರೆ ಅರ್ಧ ದಿನ ವ್ಯರ್ಥ. ಕೆಂಪೇಗೌಡರ ಕಾಲದ ಪೇಟೆಗೆ ಎರಡು ಮುಖ್ಯ ಬೀದಿ: ಉತ್ತರ-ದಕ್ಷಿಣವಾಗಿ ದೊಡ್ಡಪೇಟೆ, ಅದೇ ಈಗಿನ ಅವೆನ್ಯೂ ರಸ್ತೆ, ಪೂರ್ವ-ಪಶ್ಚಿಮವಾಗಿ ಚಿಕ್ಕಪೇಟೆ. ಇವೆರಡರ ಬೆಳಕು ಪೂರ್ತಿ ಬೇರೆ.

ಚಿಕ್ಕಪೇಟೆ ಬೀದಿಯಲ್ಲಿ ಬೆಳಗ್ಗೆಯೂ ಸಂಜೆಯೂ ಸೂರ್ಯ ಬೀದಿಯ ಉದ್ದಕ್ಕೇ ಇರ್ತಾನೆ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ನೇರವಾಗಿ. ಸೂರ್ಯನ ಕಡೆ ಮುಖ ಮಾಡಿ ತೆಗೆದರೆ ಮೂಟೆ, ತಳ್ಳುಗಾಡಿ, ಕೊಡೆ ಎಲ್ಲ ಅಂಚಿಗೆ ಬೆಳಕು ಹಚ್ಚಿಕೊಂಡು ಬರುತ್ತವೆ. ಅವೆನ್ಯೂ ರಸ್ತೆಯಲ್ಲಿ ಹಾಗಲ್ಲ. ಬೆಳಗ್ಗೆ ನೆಲವೆಲ್ಲ ನೆರಳು, ಪೂರ್ವದ ಅಡ್ಡಗಲ್ಲಿಗಳ ಬಾಯಲ್ಲಿ ಮಾತ್ರ ಬಿಸಿಲಿನ ಪಟ್ಟಿ. ಆ ಪಟ್ಟಿಯೇ ನಿಮ್ಮ ಜಾಗ. ಎಕ್ಸ್‌ಪೋಶರನ್ನ ಬಿಸಿಲಿಗೆ ಲಾಕ್ ಮಾಡಿ: ಐಎಸ್‌ಒ ಆಟೊ ಆಫ್ ಮಾಡಿ, 400, ಎಫ್/8, 1/1600. ಕ್ಯಾಮೆರಾದ ಬೆಳಕು ಅಳೆಯೋ ಮೀಟರನ್ನ ನಂಬಿದರೆ ಅದು ಸುತ್ತಲಿನ ಕತ್ತಲನ್ನ ನೋಡಿ ಮುಖವನ್ನ ಸುಟ್ಟುಬಿಡುತ್ತೆ. ಮ್ಯಾನುವಲ್ ಇಟ್ಟರೆ ಪಟ್ಟಿಯೊಳಗೆ ಕಾಲಿಟ್ಟವರು ಬೆಳಗ್ತಾರೆ, ಹಿಂದಿನ ಬೋರ್ಡು, ವೈರು, ಬೈಕುಗಳ ರಾಶಿ ಕಪ್ಪಿಗೆ ಹೋಗುತ್ತೆ. ಅಲ್ಲೇ ನಿಂತು ಕಾಯಿರಿ. ಜನರ ಹಿಂದೆ ಹೋಗೋದಕ್ಕಿಂತ ಜನ ಬರೋ ಕಡೆ ನಿಲ್ಲೋದು ಎಲ್ಲ ರೀತಿಯಲ್ಲೂ ಮೇಲು.

ಇನ್ನು ಹೊತ್ತು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಏರ್ತಾನೆ. ಹೊಂಬೆಳಕು ಒಂದು ಗಂಟೆ ಸಿಕ್ಕರೆ ಪುಣ್ಯ. ಮಾರ್ಚ್‌ನಲ್ಲಿ ಒಂಬತ್ತೂವರೆಗೆಲ್ಲ ಸೂರ್ಯ 45 ಡಿಗ್ರಿ ಮೇಲಿರ್ತಾನೆ. ನೆಲದ ಮೇಲಿನ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಉದ್ದ ಇರೋವರೆಗೆ ಮುಖಗಳು ಚೆನ್ನಾಗಿ ಬರುತ್ತವೆ, ಗಿಡ್ಡ ಆಯ್ತು ಅಂದರೆ ಕಣ್ಣಿನ ಗುಳಿಗಳೆಲ್ಲ ಕಪ್ಪು. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ಮೂರನೇ ವಾರದಲ್ಲೂ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಆಗ ಗಲ್ಲಿ ಬಿಟ್ಟು ಕಮಾನು, ಮಾಳಿಗೆ ಮೆಟ್ಟಿಲು, ಅಂಗಡಿ ಜಗಲಿಗಳ ಕೆಳಗೆ ಹೋಗಿ. ಡಿಸೆಂಬರಿನಲ್ಲಿ ಮಧ್ಯಾಹ್ನವೂ ಸೂರ್ಯ ಸುಮಾರು 55 ಡಿಗ್ರಿ ದಾಟಲ್ಲ, ನಡುಹಗಲು ಬಿಟ್ಟರೆ ಉಳಿದ ಹೊತ್ತೆಲ್ಲ ಕೆಲಸ ಮಾಡಬಹುದು. ಮಲ್ಲೇಶ್ವರದ ಅಡ್ಡರಸ್ತೆಗಳೂ ಪೂರ್ವ-ಪಶ್ಚಿಮ, ಹಾಗಾಗಿ 8ನೇ ಕ್ರಾಸಿಗೆ ಚಿಕ್ಕಪೇಟೆಯ ಲೆಕ್ಕವನ್ನೇ ಹಾಕಿಕೊಳ್ಳಿ.

ಹೂವಿನ ಸಾಲು

ಟಾರ್ಪಾಲಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನೀಲಿ ಟಾರ್ಪಾಲಿನ ನಡುಮಧ್ಯೆ ಕೂತವರ ಮೇಲೆ ಬೀಳೋದು ಸೋಸಿ ಬಂದ ನೀಲಿ ಬೆಳಕು ಮಾತ್ರ. ಅಂಚಿನಲ್ಲಿ ಕೂತವರ ಮುಖದ ಅರ್ಧಕ್ಕೆ ನೀಲಿ, ಅರ್ಧಕ್ಕೆ ಆಕಾಶದ ಬಿಳಿ ಬೆಳಕು. ಮೊದಲನೆಯದನ್ನ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇದ್ದರೆ ಸಾಫ್ಟ್‌ವೇರಿನ ವೈಟ್ ಬ್ಯಾಲೆನ್ಸಿನಲ್ಲಿ (ಬೆಳಕಿನ ಬಣ್ಣ ಸರಿಪಡಿಸೋದು) ತಕ್ಕಮಟ್ಟಿಗೆ ತರಬಹುದು. ಪಕ್ಕದಲ್ಲೇ ಬಿಳಿ ಗೋಣಿಚೀಲವೋ ಪೇಪರೋ ಇರುತ್ತೆ, ಅದರ ಮೇಲೆ ಡ್ರಾಪರ್ ಒತ್ತಿ. ಎರಡನೆಯದನ್ನ ಇಡೀ ಚಿತ್ರಕ್ಕೆ ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು ಸರಿಮಾಡೋಕೆ ಆಗಲ್ಲ. ನೀಲಿ ಕೆನ್ನೆ ಸರಿಹೋದರೆ ಇನ್ನೊಂದು ಕೆನ್ನೆ ಕಿತ್ತಳೆ ಆಗುತ್ತೆ. ಅವರು ಹೊರಗಡೆಗೆ ತಿರುಗಿ ಗಿರಾಕಿ ಜೊತೆ ಮಾತಾಡುವಾಗ ತೆಗೆಯೋದೇ ದಾರಿ, ಆಗ ಬಿಳಿ ಬೆಳಕು ಮುಖದ ತುಂಬ ಬೀಳುತ್ತೆ.

ಕಪ್ಪು-ಬಿಳುಪು ಮಾಡಿದರೆ ಸರಿಹೋಗುತ್ತೆ ಅನ್ನೋದು ಅರ್ಧ ನಿಜ. ನೀಲಿ ಬೆಳಕಿನಲ್ಲಿ ಕೆಂಪು ಚಾನೆಲ್‌ಗೆ ಏನೂ ಸಿಕ್ಕಿರಲ್ಲ, ಅದನ್ನ ಎಳೆದರೆ ಕಾಳು ಕಾಳು.

ಇದರ ತದ್ವಿರುದ್ಧ ತೊಂದರೆ ಚೆಂಡುಹೂವಿನದು. ಬಿಸಿಲಲ್ಲಿ ಚೆಂಡುಹೂ ರಾಶಿ ಇದ್ದರೆ ಸಾಮಾನ್ಯ ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸೋ ನಕ್ಷೆ) ಚೆನ್ನಾಗೇ ಕಾಣುತ್ತೆ, ಒಳಗೆ ಕೆಂಪು ಚಾನೆಲ್ ಮಾತ್ರ ತುಂಬಿ ಹರಿದಿರುತ್ತೆ. ಮನೆಗೆ ಬಂದು ನೋಡಿದರೆ ಎಸಳುಗಳೇ ಇಲ್ಲ, ಬರೀ ಕಿತ್ತಳೆ ಮುದ್ದೆ. ಹಿಸ್ಟೊಗ್ರಾಮನ್ನ ಕೆಂಪು-ಹಸಿರು-ನೀಲಿ ಬೇರೆ ಬೇರೆ ತೋರಿಸೋ ಹಾಗೆ ಬದಲಿಸಿ, ಎಕ್ಸ್‌ಪೋಶರ್ −0.7 ಕೊಡಿ, ಮುಖವನ್ನ ಆಮೇಲೆ ಎತ್ತಿಕೊಳ್ಳಿ. ಆ ರಾಶಿಯೇ ಕೆಳಗಿನಿಂದ ಗಲ್ಲ, ಕತ್ತಿನ ಮೇಲೆ ಹೊನ್ನಿನ ಬಣ್ಣ ಎರಚ್ತಾ ಇರುತ್ತೆ. ಅದನ್ನ ತಪ್ಪು ಬಣ್ಣ ಅಂತ ಅಳಿಸಬೇಡಿ, ಮಂಡಿಯ ಚೆಂದ ಇರೋದೇ ಅಲ್ಲಿ. ಮೇಲಿನ ಮಹಡಿಯಿಂದ ಬಗ್ಗಿ ಹೂರಾಶಿ ತೆಗೆಯೋ ಚಿತ್ರ ಸಾವಿರ ಬಂದಿದೆ. ಮನುಷ್ಯರು ಕಾಣೋದು ಕೆಳಗಿಳಿದರೆ ಮಾತ್ರ.

ಸಂಪಿಗೆ ಮೇಡಂ

ಎಲ್ಲ ಸರಿ, ಆದರೆ ಎದುರಿಗಿರೋರ ಮಾತನ್ನ ಯಾರೂ ಆಡ್ತಿಲ್ಲ. 2025ರಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಓಡಾಡೋ ಹೆಂಗಸರ ವಿಡಿಯೊಗಳನ್ನ ಕದ್ದು ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕ್ತಿದ್ದವನನ್ನ ಪೊಲೀಸರು ಬಂಧಿಸಿದರು. ಅದಾದ ಮೇಲೆ ಕ್ಯಾಮೆರಾ ಕಂಡರೆ ಹೆಣ್ಣುಮಕ್ಕಳು ಬಿಗಿಯಾಗೋದು ಸಹಜ. 'ಕ್ಯಾಂಡಿಡ್' ಅನ್ನೋ ಹೆಸರಲ್ಲಿ ಸೊಂಟದ ಹತ್ತಿರ ಕ್ಯಾಮೆರಾ ಇಟ್ಟುಕೊಂಡು ನೋಡದ ಹಾಗೆ ಒತ್ತೋದನ್ನ ಇಲ್ಲೇ ಎಷ್ಟೋ ಜನ ಕಲಿಸ್ತಾರೆ. ಅದನ್ನ ನಿಲ್ಲಿಸಬೇಕು. ಕ್ಯಾಮೆರಾ ಕಣ್ಣಿಗೆ ಹಿಡಿದು ತೆಗೆಯಿರಿ. ಎಲ್ಲರಿಗೂ ಕಾಣೋ ಹಾಗೆ ನಿಂತು ತೆಗೆಯೋಕೆ ನಾಚಿಕೆ ಆಗೋ ಫೋಟೊ ತೆಗೆಯಲೇಬೇಡಿ.

ಪೇಟೆ ಪಾದಚಾರಿ

ಮೇಡಂ ಮಾತು ಪೂರ್ತಿ ಒಪ್ಪುತ್ತೀನಿ. ತಂತ್ರದ ದೃಷ್ಟಿಯಿಂದಲೂ ಸೊಂಟದ ಶಾಟ್ ಕೆಟ್ಟದ್ದು: ಗೆರೆ ವಾರೆ, ಮೂಗಿನ ಹೊಳ್ಳೆ ಮೊದಲು ಕಾಣುತ್ತೆ, ಅರ್ಧ ಫ್ರೇಮ್ ಖಾಲಿ ಆಕಾಶ. ಒಂದೇ ಜಾಗದಲ್ಲಿ ಹತ್ತು ಹದಿನೈದು ನಿಮಿಷ ಕ್ಯಾಮೆರಾ ಕಾಣೋ ಹಾಗೆ ಹಿಡಿದು ನಿಂತರೆ ಅಂಗಡಿಯವರು ಮೊದಲು ನೋಡ್ತಾರೆ, ಆಮೇಲೆ ಅವರ ಪಾಡಿಗೆ ಅವರು. ಸಹಜ ಚಿತ್ರ ಶುರುವಾಗೋದು ಆಗ.

ಮೆನುವಿನಲ್ಲಿ ಬೀಪ್ ಆಫ್ ಮಾಡಿ, ಫೋಕಸ್ಸಿಗೆ ಹತ್ತೋ ಕಿತ್ತಳೆ ದೀಪ ಕಡ್ಡಾಯವಾಗಿ ಆರಿಸಿ. ಕಣ್ಣಿಗೆ ದೀಪ ಬಿದ್ದರೆ ಯಾರಿಗಾದರೂ ಸಿಟ್ಟು ಬರುತ್ತೆ. ತೆಗೆದ ಮೇಲೆ ತಲೆ ತಗ್ಗಿಸಿ ಓಡಬೇಡಿ, ಕಣ್ಣು ಸೇರಿಸಿ, ನಕ್ಕು ತಲೆಯಾಡಿಸಿ. ಕೇಳಿದರೆ ತೋರಿಸಿ: 'ಅಕ್ಕ, ನೀವು ಹೂ ಕಟ್ತಾ ಇದ್ದದ್ದು ಚೆನ್ನಾಗಿತ್ತು, ತೆಗೆದೆ. ಬೇಡ ಅಂದ್ರೆ ಈಗಲೇ ಅಳಿಸ್ತೀನಿ.' ಹಿರಿಯರಾದರೆ ಯಜಮಾನ್ರೇ ಅನ್ನಿ. ಮಾರ್ಕೆಟ್ಟಿನಲ್ಲಿ ತಮಿಳು, ತೆಲುಗು, ಉರ್ದು ಎಲ್ಲ ನಡೆಯುತ್ತೆ, 'ಫೋಟೊ ಬೇಡ' ಅನ್ನೋದನ್ನ ಕೈಸನ್ನೆಯಲ್ಲೇ ಹೇಳಿಬಿಡ್ತಾರೆ. ಆ ಕೈ ಎದ್ದರೆ ಮುಗೀತು, ವಾದ ಇಲ್ಲ.

ಅಳಿಸೋದೂ ನೆಟ್ಟಗಿರಬೇಕು. ಬರ್ಸ್ಟ್‌ನಲ್ಲಿ ತೆಗೆದಿದ್ದರೆ ಒಂದಲ್ಲ, ಅಷ್ಟೂ ಫ್ರೇಮ್. ಎರಡು ಕಾರ್ಡ್ ಇದ್ದರೆ ಎರಡರಿಂದಲೂ. ಫೋನಾದರೆ 'ಇತ್ತೀಚೆಗೆ ಅಳಿಸಿದವು' ಅನ್ನೋ ಫೋಲ್ಡರಿಂದಲೂ, ಇಲ್ಲದಿದ್ದರೆ ತಿಂಗಳವರೆಗೆ ಅಲ್ಲೇ ಕೂತಿರುತ್ತೆ. ಅವರೆದುರಿಗೇ ಮಾಡಿ.

ವಕೀಲರ ಓಣಿ

ಕಾನೂನಿನ ಬಗ್ಗೆ ಎರಡು ಕಡೆಯೂ ತಪ್ಪು ತಿಳಿವಳಿಕೆ ಇದೆ. ಸಾರ್ವಜನಿಕ ಬೀದಿಯಲ್ಲಿ ಫೋಟೊ ತೆಗೆಯೋದನ್ನ ಒಟ್ಟಾರೆಯಾಗಿ ನಿಷೇಧಿಸೋ ಕಾನೂನು ನಮ್ಮಲ್ಲಿಲ್ಲ. ಹಾಗಂತ ಏನು ಬೇಕಾದರೂ ತೆಗೆಯಬಹುದು ಅಂತಲೂ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೆಂಗಸರ ಖಾಸಗಿ ಕ್ಷಣಗಳನ್ನ ಕದ್ದು ನೋಡೋದು, ಚಿತ್ರಿಸೋದಕ್ಕೆ, 78 ಹಿಂಬಾಲಿಸೋದಕ್ಕೆ, 79 ಹೆಣ್ಣಿನ ಮಾನಕ್ಕೆ ಧಕ್ಕೆ ತರೋ, ಖಾಸಗಿತನಕ್ಕೆ ನುಗ್ಗೋ ನಡತೆಗೆ. ಒಪ್ಪಿಗೆಯಿಲ್ಲದೆ ಯಾರದೇ ಖಾಸಗಿ ಅಂಗಗಳ ಚಿತ್ರ ತೆಗೆಯೋದಕ್ಕೆ, ಹಂಚೋದಕ್ಕೆ ಐಟಿ ಕಾಯ್ದೆಯ 66ಇ ಬೇರೆ ಇದೆ. ಒಬ್ಬರನ್ನೇ ಬೀದಿಯಿಂದ ಬೀದಿಗೆ ಹಿಂಬಾಲಿಸಿ ತೆಗೆಯೋದು ಯಾವ ಹೆಸರಿಟ್ಟರೂ ತಪ್ಪೇ.

ಮಕ್ಕಳ ವಿಷಯ ಇನ್ನೂ ಬಿಗಿ. ಭಿಕ್ಷೆ ಬೇಡೋ, ಬೀದಿಯಲ್ಲಿ ಬದುಕೋ, ದುಡಿಮೆಗೆ ಹಚ್ಚಿದ ಮಗು ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಆರೈಕೆ ಮತ್ತು ರಕ್ಷಣೆ ಬೇಕಾದ ಮಗು. ಅಂಥ ಮಗುವಿನ ಗುರುತು ಸಿಗೋ ಹಾಗೆ ಚಿತ್ರ ಪ್ರಕಟಿಸಿದರೆ 74ನೇ ಕಲಂ ಅಡಿ ಆರು ತಿಂಗಳವರೆಗೆ ಸಜೆ, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಗ್ನಲ್ಲಿನಲ್ಲಿ ಪೆನ್ನು, ಬಲೂನು ಮಾರೋ ಮಕ್ಕಳ ಮುಖಗಳನ್ನ ಸ್ಪರ್ಧೆಗೆ ಕಳಿಸೋರು ಇದನ್ನ ಓದಲೇಬೇಕು.

ಯಾರದೋ ಮುಖವನ್ನ ಜಾಹೀರಾತಿಗೆ ಬಳಸೋದಾದರೆ ಬರಹದಲ್ಲಿ ಒಪ್ಪಿಗೆ ಬೇಕು. ಮೆಟ್ರೊ ನಿಲ್ದಾಣ, ರೈಲ್ವೆ ನಿಲ್ದಾಣಗಳಲ್ಲಿ ಮೊದಲೇ ಅನುಮತಿ ಕೇಳಿ. ಸೇನೆಯ ಕಾಂಪೌಂಡಿನ ಪಕ್ಕ ಬೋರ್ಡ್ ಇದ್ದ ಕಡೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಸಂಪಿಗೆ ಮೇಡಂ

ಇದಕ್ಕೆ ಒಂದು ಸೇರಿಸಿ: ಫುಟ್‌ಪಾತ್ ವ್ಯಾಪಾರಿಗಳ ಫೋಟೊ ಹಾಕುವಾಗ ಜಾಗ, ಹೊತ್ತು ಬರೆಯಬೇಡಿ, ಫೈಲಿನೊಳಗಿನ ಜಿಪಿಎಸ್ ತೆಗೆದು ಹಾಕಿ. ಅವರನ್ನ ಎಬ್ಬಿಸೋಕೆ ನಿಮ್ಮ ಚಿತ್ರವೇ ಸಾಕ್ಷಿ ಆಗಬಾರದು. ಮಲಗಿರೋರು, ಕುಡಿದು ಬಿದ್ದಿರೋರು, ಅಳ್ತಾ ಇರೋರು – ಇವರ ಚಿತ್ರ ತೆಗೆಯೋದಕ್ಕೆ ಧೈರ್ಯ ಬೇಕಿಲ್ಲ, ಬಿಡೋದಕ್ಕೆ ಬೇಕು. ಮೈಸೂರಿನ ಫೋಟೊ ಪತ್ರಕರ್ತ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನ ಹುಡುಕಿ ನೋಡಿ. ಬಡವರನ್ನ ತೆಗೆದಿದ್ದಾರೆ, ಆದರೆ ಯಾರನ್ನೂ ಸಣ್ಣವರನ್ನಾಗಿ ಮಾಡಿಲ್ಲ. ಎದುರಿಗಿರೋರ ಎತ್ತರಕ್ಕೆ ಬಗ್ಗಿ, ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿಯೋದು ಅಷ್ಟು ದೊಡ್ಡ ವ್ಯತ್ಯಾಸ ಮಾಡುತ್ತೆ.

ಬೆಳಕಿಂಡಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ವಂದನೆ. ಇನ್ನೆರಡು ಪ್ರಶ್ನೆ. ಶಬ್ದ ಬರಬಾರದು ಅಂತ ಎಲೆಕ್ಟ್ರಾನಿಕ್ ಶಟರ್ ಇಟ್ಟರೆ ಬಟ್ಟೆ ಅಂಗಡಿಗಳ ಒಳಗೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬರುತ್ತವೆ, ಯಾಕೆ? ಮಳೆಯಲ್ಲಿ ಹೋಗೋದಾದರೆ ಏನು ತಯಾರಿ?

ಕಪ್ಪುಬಿಳುಪು

ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನ ಸಾಲು ಸಾಲಾಗಿ ಓದುತ್ತೆ, ಪೂರ್ತಿ ಓದಲು ಅನೇಕ ಕ್ಯಾಮೆರಾಗಳಿಗೆ ಸೆಕೆಂಡಿನ 1/30ರ ಆಸುಪಾಸು ಬೇಕು. ಅಷ್ಟರಲ್ಲಿ ದೀಪ ಮೂರು ಸಲ ಹತ್ತಿ ಆರಿರುತ್ತೆ, ಅದಕ್ಕೇ ಮೂರು ಪಟ್ಟೆ. ಒಳಗೆ ಹೋದರೆ ಮೆಕ್ಯಾನಿಕಲ್ ಶಟರಿಗೆ ಬದಲಿಸಿ, 1/100 ಇಡಿ, ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ. 1/100ರಲ್ಲಿ ನಡೆಯೋರು ಅಲುಗ್ತಾರೆ, ಹಾಗಾಗಿ ಸೀರೆ ಬಿಡಿಸಿ ತೋರಿಸೋ ಕೈ ಒಂದು ಗಳಿಗೆ ನಿಂತಾಗ ಒತ್ತಿ. ರಸ್ತೆಯಲ್ಲೂ ಎಲೆಕ್ಟ್ರಾನಿಕ್ ಬೇಡ, ಹಾದುಹೋಗೋ ಬಿಎಂಟಿಸಿ ಬಸ್ಸು ವಾಲಿದ ಹಾಗೆ ಬರುತ್ತೆ. ಮಾರ್ಕೆಟ್ಟಿನ ಗದ್ದಲದಲ್ಲಿ ಶಟರ್ ಸದ್ದು ಹೇಗಿದ್ದರೂ ಯಾರಿಗೂ ಕೇಳಲ್ಲ.

ಹೂವಿನ ಸಾಲು

ಮಳೆಗೆ: ದಪ್ಪ ಪ್ಲಾಸ್ಟಿಕ್ ಕವರಿನ ತಳದಲ್ಲಿ ಲೆನ್ಸ್ ಹುಡ್ ಅಳತೆಗೆ ತೂತು, ಹುಡ್ ಮೇಲೆ ಎರಡು ರಬ್ಬರ್ ಬ್ಯಾಂಡ್. ಹುಡ್ ಇಲ್ಲದಿದ್ದರೆ ಮೊದಲ ಹನಿಗೇ ಕೆಲಸ ಕೆಟ್ಟಿತು. ಹನಿಗಳು ಚುಕ್ಕೆಯಾಗಿ ನಿಲ್ಲಬೇಕಾದರೆ ಕನಿಷ್ಠ 1/1000, ಗೆರೆಯಾಗಿ ಬೀಳಬೇಕಾದರೆ 1/125. ಹಿಂದೆ ಕಪ್ಪು ಬಾಗಿಲೋ ಬಸ್ಸಿನ ನೆರಳೋ ಇಲ್ಲದಿದ್ದರೆ ಮಳೆ ಚಿತ್ರದಲ್ಲಿ ಕಾಣೋದೇ ಇಲ್ಲ. ವಾಪಸ್ ಬಂದ ಮೇಲೆ ಒದ್ದೆ ಕ್ಯಾಮೆರಾ ಚೀಲದಲ್ಲಿ ಮುಚ್ಚಿಡಬೇಡಿ, ಫಂಗಸ್ ಹಿಡಿಯೋದು ಹಾಗೇ. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ, ರಾತ್ರಿ ಫ್ಯಾನ್ ಕೆಳಗೆ ಬಿಡಿ, ಆಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ.

ಮೊಬೈಲ್ ಮಂದಿ

ಅಂಗಡಿಯವರಿಗೆ ಪ್ರಿಂಟ್ ಕೊಡೋಣ ಅಂದರೆ ಸ್ಟುಡಿಯೊದವರು ಕೊಟ್ಟ 4×6ರಲ್ಲಿ ಅರ್ಧ ತಲೆ ಕತ್ತರಿಸಿಹೋಗಿರುತ್ತೆ. ಇದಕ್ಕೇನು?

ದೊಡ್ಡಪೇಟೆ ಚೌಕ

4×6ರ ಅನುಪಾತ 3:2. ದೊಡ್ಡ ಕ್ಯಾಮೆರಾದ ಚಿತ್ರ ಹಾಗೇ ಕೂರುತ್ತೆ, ಫೋನಿನದು 4:3. ಅಡ್ಡ ಚಿತ್ರವಾದರೆ ಮೇಲೆ ಕೆಳಗೆ ಸೇರಿ ನೂರಕ್ಕೆ 11 ಭಾಗ ಯಂತ್ರವೇ ಕತ್ತರಿಸುತ್ತೆ. ಮನೆಯಲ್ಲೇ 3:2ಕ್ಕೆ ಕ್ರಾಪ್ ಮಾಡಿ, 1800×1200 ಪಿಕ್ಸೆಲಿಗೆ ಕಡಿಮೆ ಇಲ್ಲದ ಹಾಗೆ ಜೆಪಿಇಜಿ ಕೊಡಿ. ಕ್ರಾಪ್ ಮಾಡೋಕೆ ಜಾಗವೇ ಇಲ್ಲ ಅಂದರೆ 'ಬಿಳಿ ಬಾರ್ಡರ್ ಬಿಟ್ಟು ಪೂರ್ತಿ ಹಾಕಿ' ಅಂತ ಹೇಳಿ. ವಾಟ್ಸ್ಆ್ಯಪಿನಲ್ಲಿ ಕಳಿಸೋದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಹಿಸುಕಿ ಹಾಕುತ್ತೆ. ಪರದೆಯಲ್ಲಿ ಸರಿ ಕಾಣೋ ಮುಖ ಕಾಗದದಲ್ಲಿ ಸ್ವಲ್ಪ ಕಪ್ಪಾಗಿ ಬರುತ್ತೆ, ಮುಖದ ಭಾಗಕ್ಕೆ ಮಾತ್ರ ಅರ್ಧ ಸ್ಟಾಪ್ ಏರಿಸಿ. ಗ್ಲಾಸಿ ಬದಲು ಮ್ಯಾಟ್ ಕೇಳಿ. ಹೂವಿನ ನೀರು ತಾಗಿದ ಕೈಯಲ್ಲಿ ಹಿಡಿದರೂ ಬೆರಳಚ್ಚು ಅಷ್ಟಾಗಿ ಕಾಣಲ್ಲ.